ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಚೈತ್ರದ ಬಿಸಿಲು ನೆತ್ತಿಯನ್ನು ಸುಡುತ್ತಿದ್ದರೂ ಮನೆಯ ಯಜಮಾನಿತಿ ಶಾಲು ಹೊದ್ದು ಕುಳಿತಿದ್ದರು. ಐವತ್ತೆರಡರ ಪ್ರಾಯ. ವರ್ಷದ ಹಿಂದೆ ಬೆಳಗಿನ ಐದಕ್ಕೇ ಎದ್ದು, ರಂಗೋಲಿಯಿಟ್ಟು, ಡಿಕಾಕ್ಷನ್ ಇಳಿಸಿ, ಎಲ್ಲರ ಊಟದ ಡಬ್ಬಿಗಳನ್ನು ತುಂಬಿ ಕಳುಹಿಸುತ್ತಿದ್ದ ಆಕೆ ಈಗ ನಾಲ್ಕು ಮೆಟ್ಟಿಲು ಹತ್ತುವುದಕ್ಕೂ ಗೋಡೆಯ ಆಸರೆ ಹಿಡಿಯುತ್ತಿದ್ದರು. ಮುಖ ಊದಿತ್ತು. ಕಣ್ಣುಗಳ ಕೆಳಗೆ ಚೀಲ ಇಳಿದಿತ್ತು. ಕೈಯ ಬಳೆಗಳು ಬಿಗಿದು ಕುಳಿತಿದ್ದುವು. “ವಯಸ್ಸಾಯಿತು, ಇನ್ನೇನು” ಎಂದು ಆಕೆಯೇ ತೀರ್ಪು ಕೊಟ್ಟುಕೊಂಡಿದ್ದರು.

ಮಗನು ಒತ್ತಾಯಮಾಡಿ ರಕ್ತಪರೀಕ್ಷೆ ಮಾಡಿಸಿದ. ವರದಿಯಲ್ಲಿ ‘ಕ್ರಿಯಾಟಿನಿನ್ 1.7’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸ್ತ್ರೀಯರಲ್ಲಿ ಈ ಅಂಕೆ ಸಾಮಾನ್ಯವಾಗಿ 1.1ನ್ನು ಮೀರಬಾರದು. ಸಂಜೆಯೊಳಗೆ ಮನೆಯವರಿಗೆಲ್ಲ ವಿಷಯ ತಿಳಿಯಿತು: ಮೂತ್ರಪಿಂಡ ಕೆಟ್ಟಿದೆ!

“ಅಮ್ಮ, ನಾಳೆಯಿಂದ ನಿನಗೆ ಉಪ್ಪಿಲ್ಲದ ಅಡಿಗೆ” ಎಂದ ಮಗ. ಬೇಳೆ ನಿಂತಿತು, ಹಾಲು ಅರ್ಧವಾಯಿತು. ನೋಡಲು ಬಂದ ಬಂಧುಗಳು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ತಮ್ಮ ಪರಿಚಿತರೊಬ್ಬರ ಕಥೆಯನ್ನು ಸವಿಸ್ತಾರವಾಗಿ ಹೇಳಿಹೋದರು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಯಜಮಾನರು ಬೀರುವಿನಿಂದ ಬ್ಯಾಂಕಿನ ಪಾಸ್‌ಪುಸ್ತಕವನ್ನು ತೆಗೆದು, ದೀಪದ ಕೆಳಗೆ ಕುಳಿತು, ಬಹಳ ಹೊತ್ತು ಲೆಕ್ಕ ಹಾಕಿದರು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹಲವು ಮನೆಗಳಲ್ಲಿ ನಡೆಯುವುದನ್ನು ಒಂದಾಗಿ ಹೆಣೆದ ಚಿತ್ರ. ಇಂಥ ಮನೆಗಳಲ್ಲಿ ಕೆಲವಕ್ಕೆ ಮುಂದಿನ ಅಧ್ಯಾಯ ಬೇರೆಯೇ ಆಗಿರುತ್ತದೆ. ಆ ಕಾರಣದಿಂದಲೇ ಈ ವಿಷಯ ಎಲ್ಲರಿಗೂ ತಿಳಿದಿರತಕ್ಕದ್ದು.

ಮರುದಿನ ವೈದ್ಯರು ವರದಿಯನ್ನು ಒಂದು ಪಕ್ಕಕ್ಕಿಟ್ಟು ಮೊದಲು ರೋಗಿಯನ್ನು ನೋಡಿದರು. ನಾಡಿ ನಿಮಿಷಕ್ಕೆ 54, ನಿಧಾನ. ಧ್ವನಿ ಒಡೆದು ಗೊಗ್ಗರಾಗಿದೆ. ಚರ್ಮ ಒರಟು. ಮೊಳಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ತೆಗೆದರೆ ಗುಳಿ ನಿಲ್ಲುವುದಿಲ್ಲ. ಮೂತ್ರದಲ್ಲಿ ಪ್ರೋಟೀನು ಇಲ್ಲ. ಸ್ಕ್ಯಾನಿನಲ್ಲಿ ಮೂತ್ರಪಿಂಡಗಳೆರಡೂ ಸರಿಯಾದ ಗಾತ್ರದಲ್ಲಿವೆ.

“ತಾಯಿ, ನಿಮಗೆ ಉಳಿದವರಿಗಿಂತ ಚಳಿ ಹೆಚ್ಚೆ? ಮಲಬದ್ಧತೆ ಉಂಟೆ?”

“ಎರಡೂ ಉಂಟು ಡಾಕ್ಟರೆ.”

ವೈದ್ಯರು ಚೀಟಿಯಲ್ಲಿ ಇನ್ನೊಂದು ಪರೀಕ್ಷೆಯನ್ನು ಬರೆದರು. ಅದು ಥೈರಾಯಿಡ್ ಗ್ರಂಥಿಯದು.

“ಮೂತ್ರಪಿಂಡದ ಕಾಯಿಲೆಗೆ ಕುತ್ತಿಗೆಯ ಪರೀಕ್ಷೆ ಯಾಕೆ?” ಎಂದು ಮಗನು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂದು ಗಾದೆ ನಗುತ್ತದೆ. ಆದರೆ ಶರೀರದ ಕೊಟ್ಟಿಗೆಯಲ್ಲಿ ಜ್ವರ ಎತ್ತಿನದೋ ಎಮ್ಮೆಯದೋ ಎಂಬುದು ಮೇಲುನೋಟಕ್ಕೆ ತಿಳಿಯುವುದು ಸುಲಭವಲ್ಲ. ದೊಡ್ಡ ದೊಡ್ಡ ವೈದ್ಯರೂ ಇಲ್ಲಿ ಎಡವಿದ್ದುಂಟು.

ಲಂಡನ್ನಿನ ಗೈ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ಮೈಯ ಬಾವಿಗೂ ಮೂತ್ರದಲ್ಲಿ ಪ್ರೋಟೀನು ಹೋಗುವುದಕ್ಕೂ ಮೂತ್ರಪಿಂಡದ ವಿಕಾರಕ್ಕೂ ಇರುವ ಸಂಬಂಧವನ್ನು ವಿವರಿಸಿದನು. ಅಲ್ಲಿಂದ ಮುಂದೆ ಊದಿದ ಮುಖವನ್ನು ಕಂಡ ವೈದ್ಯನ ಮನಸ್ಸು ನೇರವಾಗಿ ಮೂತ್ರಪಿಂಡದತ್ತ ಹೋಗುವುದು ಸಹಜವಾಯಿತು. ‘ಬ್ರೈಟನ ರೋಗ’ ಎಂಬ ಹೆಸರೇ ರೂಢಿಗೆ ಬಂತು. ಅದೇ ಆಸ್ಪತ್ರೆಯ ವಿಲಿಯಂ ಗಲ್ 1873ರಲ್ಲಿ ಕೆಲವರು ಸ್ತ್ರೀಯರ ವಿಚಿತ್ರ ಸ್ಥಿತಿಯನ್ನು ವರ್ಣಿಸಿದನು: ಮುಖ ದಪ್ಪವಾಗುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂದವಾಗುತ್ತದೆ. 1878ರಲ್ಲಿ ವಿಲಿಯಂ ಆರ್ಡ್ ಎಂಬಾತನು ಇದಕ್ಕೆ ‘ಮಿಕ್ಸಿಡೀಮ’ ಎಂದು ಹೆಸರಿಟ್ಟನು. ಲೋಳೆಯಂಥ ವಸ್ತು ತುಂಬಿದ ಬಾವು ಎಂಬುದು ಆ ಹೆಸರಿನ ಅರ್ಥ. ಈ ಬಾವು ಒತ್ತಿದರೆ ಗುಳಿ ಬೀಳದಂಥದು. ಮೂತ್ರಪಿಂಡದ ಬಾವಿನಲ್ಲಾದರೋ ಗುಳಿ ಬೀಳುತ್ತದೆ. ಆದರೂ ಹೊರನೋಟದ ಹೋಲಿಕೆಯಿಂದ ಎಷ್ಟೋ ಮಂದಿ ಮಿಕ್ಸಿಡೀಮ ರೋಗಿಗಳಿಗೆ ಬ್ರೈಟನ ರೋಗವೆಂಬ ಹಣೆಪಟ್ಟಿ ಬಿದ್ದಿತು. 1888ರಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಸಮಿತಿಯೊಂದು, ಥೈರಾಯಿಡ್ ಗ್ರಂಥಿಯ ನಾಶವೇ ಇದರ ಮೂಲವೆಂದು ತನ್ನ ವರದಿಯಲ್ಲಿ ಸ್ಥಿರಪಡಿಸಿತು.

ಮೂಲ ತಿಳಿದ ಮೇಲೆ ಚಿಕಿತ್ಸೆಗೆ ತಡವಾಗಲಿಲ್ಲ. ನ್ಯೂಕಾಸಲ್ ನಗರದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು 1891ರಲ್ಲಿ ಕುರಿಯ ಥೈರಾಯಿಡ್ ಗ್ರಂಥಿಯಿಂದ ರಸ ತೆಗೆದು, 46 ವರ್ಷದ ಸ್ತ್ರೀಯೊಬ್ಬಳಿಗೆ ಚುಚ್ಚುಮದ್ದಾಗಿ ಕೊಟ್ಟನು. ಕೆಲವೇ ತಿಂಗಳುಗಳಲ್ಲಿ ಆಕೆಯ ಮುಖದ ಊತ ಇಳಿಯಿತು, ಮಾತು ಚುರುಕಾಯಿತು. ಮುಂದೆ ಅದೇ ರಸವನ್ನು ಕುಡಿಯುತ್ತ ಆಕೆ ಇನ್ನೂ 28 ವರ್ಷ ಬಾಳಿ, 1919ರಲ್ಲಿ ತನ್ನ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಕಾಲ ಆಕೆಯನ್ನು ಉಳಿಸುವುದಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದುವಂತೆ! ಇಂದು ಆ ಕೆಲಸವನ್ನು ಪ್ರತಿದಿನ ಬೆಳಗ್ಗೆ ನುಂಗುವ ಒಂದು ಪುಟ್ಟ ಮಾತ್ರೆ ಮಾಡುತ್ತದೆ. ಅದರಲ್ಲಿರುವ ಥೈರಾಕ್ಸಿನ್, ಗ್ರಾಂ ಒಂದರ ಹತ್ತು ಸಾವಿರದ ಒಂದು ಪಾಲಿನ ಆಸುಪಾಸು ಮಾತ್ರ.

ಇಷ್ಟು ಅಲ್ಪವಾದ ರಸಕ್ಕೂ ಬೆನ್ನಿನ ಕಡೆ ಅಡಗಿರುವ ಮೂತ್ರಪಿಂಡಕ್ಕೂ ಏನು ನಂಟು? ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ರೆಕ್ಕೆಯಂತೆ ಹರಡಿರುವ ಥೈರಾಯಿಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಅದು ರಕ್ತಕ್ಕೆ ಬಿಡುವ ಹಾರ್ಮೋನು, ದೇಹದ ಎಲ್ಲ ಜೀವಕೋಶಗಳ ಕೆಲಸದ ವೇಗವನ್ನು ನಿಯಂತ್ರಿಸುತ್ತದೆ. ಅದು ಕಡಮೆಯಾದರೆ ಒಲೆಯ ಉರಿ ಸಣ್ಣಗಾದಂತೆ. ಹೃದಯ ನಿಧಾನವಾಗಿಯೂ ದುರ್ಬಲವಾಗಿಯೂ ಬಡಿಯುತ್ತದೆ. ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ.

ಮೂತ್ರಪಿಂಡವಾದರೋ ರಕ್ತದ ಹರಿವನ್ನೇ ನೆಚ್ಚಿ ಬಾಳುವ ಅಂಗ. ಹೃದಯ ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಪಾಲು ಈ ಎರಡು ಪಿಂಡಗಳಿಗೇ ಸಲ್ಲುತ್ತದೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ದಿನವೊಂದಕ್ಕೆ ಸುಮಾರು 180 ಲೀಟರು ದ್ರವ ಇವುಗಳ ಮೂಲಕ ಸೋಸಿ ಇಳಿಯುತ್ತದೆ. ಅದರಲ್ಲಿ ಬಹುಪಾಲು ಮರಳಿ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಹೃದಯ ಸೋತು, ನಾಳ ಬಿಗಿದು, ಪಿಂಡಕ್ಕೆ ಬರುವ ರಕ್ತವೇ ಕಡಮೆಯಾದಾಗ ಸೋಸುವ ಕೆಲಸವೂ ಕುಂದುತ್ತದೆ. ಹೊರಗೆ ಹೋಗಬೇಕಾದ ಕ್ರಿಯಾಟಿನಿನ್ ರಕ್ತದಲ್ಲೇ ನಿಂತು ಅಂಕೆ ಏರುತ್ತದೆ.

ಪ್ರತಿ ಮನೆಯ ಗೃಹಿಣಿಗೂ ಇದರ ಮರ್ಮ ಗೊತ್ತಿರುವುದೇ. ಕಾಫಿಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯದಿದ್ದರೆ ಕಾರಣ ಎರಡಿರಬಹುದು: ತೂತುಗಳು ಕಟ್ಟಿಕೊಂಡಿರಬಹುದು, ಇಲ್ಲವೆ ಮೇಲೆ ಸುರಿದ ನೀರೇ ಸಾಲದಿರಬಹುದು. ಕೆಳಗಿನ ಬಟ್ಟಲನ್ನು ಮಾತ್ರ ನೋಡಿದವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಕ್ರಿಯಾಟಿನಿನ್ ಎಂಬ ಅಂಕೆ ಆ ಕೆಳಗಿನ ಬಟ್ಟಲು. ಅದು ದೋಷವಿದೆಯೆಂದು ಹೇಳೀತೇ ಹೊರತು, ದೋಷ ಎಲ್ಲಿದೆಯೆಂದು ಹೇಳಲಾರದು.

ಇನ್ನೂ ಒಂದು ತೊಡಕುಂಟು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಥೈರಾಯಿಡ್ ಕೊರತೆಯಿಂದ ಸ್ನಾಯುಗಳೂ ಬಾಧೆಗೊಳ್ಳುತ್ತವೆ. ಬಿಗಿತ, ನೋವು, ಸೆಳೆತ ಕಾಣಿಸುತ್ತವೆ. ಇದೇ ಕೊರತೆಯಿಂದ ರಕ್ತದ ಕೊಲೆಸ್ಟರಾಲ್ ಕೂಡ ಏರುತ್ತದೆ. ಮೂಲವನ್ನು ತಿಳಿಯದೆ ಕೊಲೆಸ್ಟರಾಲನ್ನು ತಗ್ಗಿಸಲು ಸ್ಟಾಟಿನ್ ಮಾತ್ರೆಯನ್ನು ಆರಂಭಿಸಿದರೆ, ಮೊದಲೇ ಬಳಲಿದ ಸ್ನಾಯುಗಳಿಗೆ ಹೆಚ್ಚಿನ ಪೆಟ್ಟು ಬೀಳುವ ಸಂಭವವಿದೆ. ಅಪರೂಪವಾಗಿ ಸ್ನಾಯುತಂತುಗಳು ಒಡೆದು, ಅವುಗಳ ಕಶ್ಮಲ ಮೂತ್ರಪಿಂಡದಲ್ಲಿ ಸಿಲುಕಿ, ನಿಜವಾದ ಹಾನಿಯೇ ಆಗುತ್ತದೆ. ಮೈಯೆಲ್ಲ ನೋವು, ಮೂತ್ರ ಕಡುಗಂದು ಬಣ್ಣ ಎಂದಾದರೆ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ತೀವ್ರ ಕೊರತೆಯಲ್ಲಿ ಹೆಚ್ಚಿನ ನೀರನ್ನು ಹೊರಹಾಕುವ ಶಕ್ತಿಯೂ ಕುಗ್ಗಿ ರಕ್ತದ ಸೋಡಿಯಂ ತಗ್ಗುವುದುಂಟು. ವೃದ್ಧರಲ್ಲಿ ಇದು ಮಂಕು, ಗಲಿಬಿಲಿಯ ರೂಪದಲ್ಲಿ ತೋರಿಕೊಳ್ಳುತ್ತದೆ.

ಇದೆಲ್ಲ ಬರಿಯ ತರ್ಕವಲ್ಲ, ಕಣ್ಣಾರೆ ಕಂಡ ಸಂಗತಿ. ಥೈರಾಯಿಡ್ ಕ್ಯಾನ್ಸರಿಗಾಗಿ ಗ್ರಂಥಿಯನ್ನೇ ತೆಗೆಸಿಕೊಂಡವರಿಗೆ, ವಿಕಿರಣಶೀಲ ಅಯೋಡಿನ್ ಚಿಕಿತ್ಸೆಗೆ ಮುಂಚೆ ಥೈರಾಕ್ಸಿನ್ ಮಾತ್ರೆಯನ್ನು ಕೆಲವು ವಾರ ನಿಲ್ಲಿಸುವ ಪದ್ಧತಿ ಉಂಟು. ಇವರ ಮೂತ್ರಪಿಂಡಗಳಲ್ಲಿ ಯಾವ ರೋಗವೂ ಇಲ್ಲದಿದ್ದರೂ, ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಕ್ರಿಯಾಟಿನಿನ್ ಏರುತ್ತದೆ. ಮಾತ್ರೆಯನ್ನು ಮರಳಿ ಆರಂಭಿಸಿದೊಡನೆ ಕ್ರಮೇಣ ಇಳಿಯುತ್ತದೆ. ಕೊರಳಿನ ಗ್ರಂಥಿ ಪಿಂಡದ ಮೇಲೆ ನಡೆಸುವ ಅಧಿಕಾರಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಥೈರಾಕ್ಸಿನ್ ಮೂತ್ರಪಿಂಡದ ಔಷಧಿಯೆ? ಅಲ್ಲ, ಇಲ್ಲಿ ವಾಚಕರು ತುಸು ಎಚ್ಚರದಿಂದಿರಬೇಕು. ಕೊರತೆಯಿಂದ ಕುಗ್ಗಿದ ಸೋಸುವಿಕೆಯನ್ನು ಅದು ಮೇಲೆತ್ತೀತೇ ವಿನಾ ಮಧುಮೇಹದಿಂದಲೋ ರಕ್ತದೊತ್ತಡದಿಂದಲೋ ಗಾಯಗೊಂಡ ಪಿಂಡವನ್ನು ಹೊಸದಾಗಿ ಮಾಡದು. ದೀರ್ಘಕಾಲದ ಮೂತ್ರಪಿಂಡರೋಗಕ್ಕೆ ಈ ಎರಡೇ ಮುಖ್ಯ ಕಾರಣಗಳೆಂಬುದನ್ನು ಮರೆಯಬಾರದು. ಒಬ್ಬರಲ್ಲೇ ಎರಡು ರೋಗಗಳೂ ಕೂಡಿರುವುದುಂಟು. ಆಗ ಚಿಕಿತ್ಸೆಯಿಂದ ಅಂಕೆ ಸ್ವಲ್ಪ ಇಳಿದು ನಿಲ್ಲುತ್ತದೆ, ಉಳಿದುದಕ್ಕೆ ಬೇರೆಯೇ ಉಪಚಾರ ನಡೆಯಬೇಕು. ಕೊರತೆ ಬಹುಕಾಲ ಗುರುತಿಗೆ ಬಾರದೆ ಉಳಿದಿದ್ದರೂ ಚೇತರಿಕೆ ಪೂರ್ಣವಾಗದಿರಬಹುದು. “ಥೈರಾಯಿಡ್ ಇರಬೇಕು, ಪಿಂಡದ ಚಿಂತೆ ಬೇಡ” ಎಂದು ಕೈಕಟ್ಟಿ ಕುಳಿತುಕೊಳ್ಳುವುದು, ವಿಚಾರಿಸದೆ ಬರೆ ಎಳೆಯುವಷ್ಟೇ ದೊಡ್ಡ ತಪ್ಪು.

ಮಾತ್ರೆಯ ಕೆಲಸ ನಿಧಾನದ್ದು. ಥೈರಾಕ್ಸಿನ್ ರಕ್ತದಲ್ಲಿ ಅರ್ಧದಷ್ಟು ಕರಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಆದುದರಿಂದ ಪ್ರಮಾಣ ಸರಿಯಾಗಿದೆಯೇ ಎಂದು ನೋಡಲು ಆರರಿಂದ ಎಂಟು ವಾರಗಳ ಮೇಲೆ ಟಿ.ಎಸ್.ಎಚ್. ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯಿಡ್‌ಗೆ ಕಳುಹಿಸುವ ಆಜ್ಞಾಪತ್ರವೇ ಈ ಟಿ.ಎಸ್.ಎಚ್. ಥೈರಾಯಿಡ್ ಸೋಮಾರಿಯಾದಷ್ಟೂ ಆಜ್ಞೆ ಜೋರಾಗುತ್ತದೆ, ಅಂಕೆ ಏರುತ್ತದೆ. ವೃದ್ಧರಿಗೂ ಹೃದ್ರೋಗಿಗಳಿಗೂ ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುವುದು ಕ್ರಮ; ಬಹುದಿನ ನಿಧಾನಕ್ಕೆ ಒಗ್ಗಿದ ಹೃದಯವನ್ನು ಒಮ್ಮೆಲೇ ಓಡಿಸುವುದು ಅಪಾಯ. ಬೇಗ ಗುಣವಾಗಲೆಂದು ಒಂದಕ್ಕೆ ಎರಡು ಮಾತ್ರೆ ನುಂಗುವವರುಂಟು. ಅತಿಯಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಪಿಂಡದ ಅಂಕೆಯೂ ಆಗ ನಿಜಕ್ಕಿಂತ ಚೆನ್ನಾಗಿ ಕಂಡು ಮೋಸಮಾಡುತ್ತದೆ. ಥೈರಾಯಿಡ್ ಹೆಚ್ಚಾದಾಗ ಸೋಸುವಿಕೆ ಏರುವುದಲ್ಲದೆ, ಸ್ನಾಯುಗಳು ಕರಗಿ ಕ್ರಿಯಾಟಿನಿನ್ ಹುಟ್ಟುವುದೂ ಕಡಮೆಯಾಗುತ್ತದೆ.

ಈಚೆಗೆ ಕ್ರಿಯಾಟಿನಿನ್ ಜೊತೆಗೆ ‘ಸಿಸ್ಟಾಟಿನ್ ಸಿ’ ಎಂಬ ಇನ್ನೊಂದು ಅಳತೆಯೂ ಬಳಕೆಗೆ ಬಂದಿದೆ. ಥೈರಾಯಿಡ್ ಕೊರತೆಯಲ್ಲಿ ಇದು ಹುಟ್ಟುವುದೇ ಕಡಮೆಯಾದ್ದರಿಂದ ಅಂಕೆ ತಗ್ಗಿ, ಪಿಂಡ ಸ್ವಸ್ಥವಾಗಿರುವಂತೆ ತೋರುತ್ತದೆ. ಚಿಕಿತ್ಸೆ ನಡೆದಂತೆ ಕ್ರಿಯಾಟಿನಿನ್ ಇಳಿಯುತ್ತದೆ, ಸಿಸ್ಟಾಟಿನ್ ಏರುತ್ತದೆ! ಒಬ್ಬಳೇ ರೋಗಿ, ಎರಡು ಸಾಕ್ಷಿಗಳು, ಎರಡು ಹೇಳಿಕೆಗಳು. ಆದುದರಿಂದ ಥೈರಾಯಿಡ್ ಸಮಸ್ಥಿತಿಗೆ ಬರುವ ತನಕ ಈ ಅಂಕೆಗಳನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅದೇ ಕಾರಣಕ್ಕೆ ಮಧುಮೇಹದ ಮೆಟ್‌ಫಾರ್ಮಿನ್, ಹೃದಯದ ಡಿಜಾಕ್ಸಿನ್ ಮುಂತಾಗಿ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧಿಗಳ ಪ್ರಮಾಣವನ್ನೂ ಈ ಅವಧಿಯಲ್ಲಿ ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ.

ಈ ದಾರಿ ಎರಡೂ ಕಡೆಯಿಂದ ತೆರೆದಿದೆ. ಪಿಂಡದ ರೋಗವೂ ಥೈರಾಯಿಡನ್ನು ಬಾಧಿಸುತ್ತದೆ. ಮೂತ್ರದಲ್ಲಿ ಪ್ರೋಟೀನು ವಿಪರೀತವಾಗಿ ಸೋರಿಹೋಗುವ ರೋಗಿಗಳಲ್ಲಿ, ಹಾರ್ಮೋನನ್ನು ಹೊತ್ತು ತಿರುಗುವ ಪ್ರೋಟೀನೂ ಅದರೊಡನೆ ಸೋರುತ್ತದೆ. ಅಂಥವರಿಗೆ ಥೈರಾಕ್ಸಿನ್ ಹೆಚ್ಚು ಬೇಕಾಗಬಹುದು. ಪಿಂಡರೋಗಿಗಳು ಸಾಮಾನ್ಯವಾಗಿ ಕ್ಯಾಲ್ಸಿಯಂ, ಕಬ್ಬಿಣ, ರಂಜಕವನ್ನು ತಡೆಯುವ ಮಾತ್ರೆಗಳನ್ನು ಸೇವಿಸುತ್ತಾರೆ. ಇವು ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಎರಡರ ನಡುವೆ ನಾಲ್ಕು ಗಂಟೆಯ ಅಂತರವಿರಬೇಕು.

ಕೊನೆಗೆ ನಮ್ಮ ಮನೆಗಳ ಒಂದು ಪ್ರೀತಿಯ ಶತ್ರು: ಬೆಳಗಿನ ಕಾಫಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆಯೇ ಕಾಫಿ ಅಥವಾ ಹಾಲನ್ನು ಕುಡಿಯಬೇಕು. ಎಡಗೈಯಲ್ಲಿ ಮಾತ್ರೆ, ಬಲಗೈಯಲ್ಲಿ ಲೋಟ ಹಿಡಿದವರ ಟಿ.ಎಸ್.ಎಚ್. ಇಳಿಯದೆ ಸತಾಯಿಸಿದರೆ ತಪ್ಪು ಔಷಧಿಯದಲ್ಲ. ಹಾಗೆಯೇ “ಈಗ ಚೆನ್ನಾಗಿದ್ದೇನೆ” ಎಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರು, ಕ್ಯಾನ್ಸರ್ ರೋಗಿಗಳಲ್ಲಿ ಕಂಡುದನ್ನು ನೆನಪಿಡಬೇಕು: ಮಾತ್ರೆ ನಿಂತರೆ ಪಿಂಡವೂ ಸೊರಗುತ್ತದೆ.

ಮನೆಯವರು ಮಾಡಬೇಕಾದುದು ಹೆಚ್ಚೇನಿಲ್ಲ. ಕ್ರಿಯಾಟಿನಿನ್ ಏರಿದೆಯೆಂದು ತಿಳಿದಾಗ, ಅದಕ್ಕೆ ಸ್ಪಷ್ಟ ಕಾರಣ ಕಾಣದಿದ್ದರೆ, ಅದರಲ್ಲೂ ಚಳಿ, ಸುಸ್ತು, ಮಲಬದ್ಧತೆ, ಒರಟು ಚರ್ಮ, ಒಡೆದ ಧ್ವನಿ ಜೊತೆಗಿದ್ದರೆ, “ಥೈರಾಯಿಡ್ ನೋಡಿದ್ದಾರೆಯೆ?” ಎಂಬ ಒಂದು ಪ್ರಶ್ನೆಯನ್ನು ವೈದ್ಯರ ಮುಂದಿಡಬೇಕು. ದೀರ್ಘಕಾಲದ ಮೂತ್ರಪಿಂಡರೋಗ ಎಂಬ ಹೆಸರು ಸಲ್ಲಬೇಕಾದರೆ ದೋಷ ಮೂರು ತಿಂಗಳಾದರೂ ನಿಂತಿರಬೇಕೆಂಬುದು ವೈದ್ಯರ ನಿಯಮ. ಒಂದೇ ಕಾಗದವನ್ನು ನಂಬಿ ಧೈರ್ಯಗೆಡುವುದು ತರವಲ್ಲ. ಮೂತ್ರದ ಪ್ರಮಾಣ ಥಟ್ಟನೆ ಕುಸಿದರೆ, ಉಸಿರು ಸಿಕ್ಕಿದರೆ, ಪ್ರಜ್ಞೆ ಮಂಕಾದರೆ ಮಾತ್ರ ಇಂಥ ವಿಚಾರವನ್ನೆಲ್ಲ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು.

ಆ ಮನೆಯ ಕಥೆ ಏನಾಯಿತು? ಸಾಮಾನ್ಯವಾಗಿ ನಾಲ್ಕರ ಆಸುಪಾಸನ್ನು ಮೀರಬಾರದ ಟಿ.ಎಸ್.ಎಚ್. ಎಂಬತ್ತನ್ನು ದಾಟಿತ್ತು. ಮಾತ್ರೆ ಆರಂಭವಾಯಿತು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರದಲ್ಲಿ ಶಾಲು ಗೂಟ ಸೇರಿತು. ತಿಂಗಳ ಹೊತ್ತಿಗೆ ಬಳೆ ಕೈಯಲ್ಲಿ ಸಡಿಲವಾಗಿ ಆಡತೊಡಗಿತು. ಮೂರು ತಿಂಗಳ ಮೇಲೆ ಬಂದ ವರದಿಯಲ್ಲಿ ಕ್ರಿಯಾಟಿನಿನ್ 1.0 ಎಂದಿತ್ತು. ಮಗನು ಅದನ್ನು ಎರಡು ಸಲ ಓದಿದ. ಯಜಮಾನರು ಏನೂ ಮಾತನಾಡದೆ ಮೇಜಿನ ಮೇಲಿದ್ದ ಪಾಸ್‌ಪುಸ್ತಕವನ್ನು ಬೀರುವಿನ ಒಳಗಿಟ್ಟು ಬಂದರು.

ಆ ದಿನ ಊಟಕ್ಕೆ ಕುಳಿತಾಗ ಆಕೆ ಸಾರನ್ನು ಒಂದು ತುತ್ತಿಗೆ ಕಲಸಿ ಬಾಯಿಗಿಟ್ಟು, ಸೊಸೆಯ ಕಡೆ ತಿರುಗಿ ಹೇಳಿದರು:

“ಉಪ್ಪು ಸಾಲದು ಕಣಮ್ಮ.”